ಚಾರ್ಜ್ ಕಂಟ್ರೋಲರ್ ಬಂಡೆಪ್ಪ

ಕೂಕಟ್‌ಪಲ್ಲಿಯ ಸಂಗಮನಾಥ ರೆಸಿಡೆನ್ಸಿಯಲ್ಲಿ ‘ಚಾರ್ಜ್’ ಎಂಬ ಮಾತಿಗೆ ಇದ್ದ ಗೌರವ ಗೇಟಿನ ಪಕ್ಕದ ಗಣಪತಿಗೂ ಇರಲಿಲ್ಲ. ಬೀದರ್, ಕಲಬುರ್ಗಿ, ರಾಯಚೂರು ಕಡೆಯಿಂದ ಬಂದು ಕೇಂದ್ರ ಸರ್ಕಾರದ ಕಾರ್ಖಾನೆಗಳಲ್ಲಿ, ರಕ್ಷಣಾ ಇಲಾಖೆಯ ಘಟಕಗಳಲ್ಲಿ ಕೂದಲು ಹಣ್ಣು ಮಾಡಿಕೊಂಡವರೇ ಆ ಕಟ್ಟಡದ ತುಂಬ. ಅವರ ಪಾಲಿಗೆ ಚಾರ್ಜ್ ಎಂದರೆ ಮೊಬೈಲಿಗೆ ಹಾಕುವುದಲ್ಲ. ಚಾರ್ಜ್ ಎಂದರೆ ಒಬ್ಬ ಕೊಡುವುದು, ಇನ್ನೊಬ್ಬ ತೆಗೆದುಕೊಳ್ಳುವುದು. ಚಾರ್ಜ್ ಕೊಡದೆ ರಜೆಯ ಮೇಲೆ ಹೋಗುವಂತಿಲ್ಲ, ಚಾರ್ಜ್ ತೆಗೆದುಕೊಳ್ಳದೆ ಕುರ್ಚಿಯಲ್ಲಿ ಕೂರುವಂತಿಲ್ಲ. ಊರಿಗೆ ಹೊರಟ ಗಂಡ ಹೆಂಡತಿಗೆ ಗ್ಯಾಸ್ ಸಿಲಿಂಡರಿನ ಚಾರ್ಜ್ ಕೊಟ್ಟು ಹೋಗುವ ಮನೆಗಳೂ ಅಲ್ಲಿದ್ದವು.

ಇನ್ನು ‘ಕಂಟ್ರೋಲರ್’ ಎಂಬ ಮಾತು. ಅದನ್ನು ಕೇಳಿದರೆ ಅವರ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಕಂಟ್ರೋಲರ್ ಆಫ್ ಸ್ಟೋರ್ಸ್, ಕಂಟ್ರೋಲರ್ ಆಫ್ ಅಕೌಂಟ್ಸ್! ಅಂಥವರ ಬಾಗಿಲಿಗೆ ಪರದೆ ಇರುತ್ತಿತ್ತು, ಪರದೆಯ ಹೊರಗೆ ಜವಾನ ಇರುತ್ತಿದ್ದ. ಎಷ್ಟೋ ಜನ ನಿವೃತ್ತರಾಗುವ ತನಕ ಪರದೆಯನ್ನಷ್ಟೇ ನೋಡಿದ್ದರು.

ಸುಂದರಾಬಾಯಿಯ ಗಂಡ ಬಂಡೆಪ್ಪ ಅಂಥವರಲ್ಲಿ ಒಬ್ಬ. ಸ್ಟೋರ್ಸಿನಲ್ಲೇ ಇಡೀ ನೌಕರಿ ಮುಗಿಸಿದ ಮನುಷ್ಯ. ಮೇಲಿನವರು ರಜೆ ಹಾಕಿದಾಗ ಇವನು ‘ಇನ್‌ಚಾರ್ಜ್’, ಅವರು ಬಂದ ಕೂಡಲೆ ಮತ್ತೆ ಮೂಲೆಯ ಮೇಜು. ಪೂರ್ಣ ಚಾರ್ಜ್ ಒಮ್ಮೆಯೂ ಸಿಗಲಿಲ್ಲ. ನಿವೃತ್ತನಾದ ಮೇಲೆ ದಿವಾನದ ಮೇಲೆ ಮಲಗಿದವನು ಅಲ್ಲೇ ಬೇರು ಬಿಟ್ಟ. ಗಡ್ಡ ಹೆರೆಯುವುದು ಬಿಟ್ಟ, ಪೇಪರು ಓದುವುದು ಬಿಟ್ಟ. ಟೀವಿಯಲ್ಲಿ ಯಾವುದೋ ದೂರದ ರಾಜ್ಯದ ಹವಾಮಾನ ನೋಡುತ್ತ, ಅಲ್ಲಿ ಮಳೆ ಬಂದರೆ ತನಗೆ ನೆಗಡಿ ಆದವನ ಹಾಗೆ ಹೊದ್ದುಕೊಳ್ಳುತ್ತಿದ್ದ. ಸುಂದರಾಬಾಯಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಈ ಮನುಷ್ಯ ಎದ್ದು ಕೂತರೆ ಸಾಕಾಗಿತ್ತು.

ಕಟ್ಟಡದ ಮೇಲೆ ಸೋಲಾರ್ ಹಾಕಿಸುವ ಮೀಟಿಂಗಿಗೂ ಅವನು ಏಳಲಿಲ್ಲ. ಸುಂದರಾಬಾಯಿ ಒಬ್ಬಳೇ ಕೆಳಗೆ ಗಾಡಿ ನಿಲ್ಲಿಸುವ ಸೆಲ್ಲಾರಿಗೆ ಇಳಿದು, ಹೆಂಗಸರ ಸಾಲಿನಲ್ಲಿ ಗದಿಗೆಮ್ಮನ ಪಕ್ಕ ಕೂತಳು. ಅಧ್ಯಕ್ಷರ ಹೆಸರು ಸೂರ್ಯನಾರಾಯಣ, ಸೋಲಾರ್ ಹಾಕಲು ಬಂದವನ ಹೆಸರು ರವಿಕಿರಣ.

“ಇನ್ನು ಪ್ಯಾನೆಲ್ ಯಾಕ ಬೇಕ, ಇಬ್ಬರ್ನೂ ಟೆರೇಸ್ ಮ್ಯಾಲೆ ನಿಲ್ಲಿಸಿದ್ರ ಆತಲ್ಲ,” ಎಂದು ಗದಿಗೆಮ್ಮ ಸೆರಗು ಅಡ್ಡ ಹಿಡಿದು ನಕ್ಕಳು. ಕಟ್ಟಡದಲ್ಲಿ ಯಾರ ಮನೆಯ ಒಗ್ಗರಣೆ ಯಾವಾಗ ಸೀದಿತು ಎಂದು ಮೂಗಿನಿಂದಲೇ ಹೇಳುವ ಹೆಂಗಸು ಆಕೆ.

ರವಿಕಿರಣ ತೆಲುಗು ಬೆರೆತ ಕನ್ನಡದಲ್ಲಿ ವಿವರಿಸಿದ. ಕರೆಂಟು ಹೋದಾಗ ಮೆಟ್ಟಿಲ ದೀಪ, ಸೆಲ್ಲಾರಿನ ದೀಪ, ಫ್ಯಾನು ಎಲ್ಲ ಬ್ಯಾಟರಿಯ ಮೇಲೆ ನಡೆಯುತ್ತವೆ. “ಪ್ಯಾನೆಲ್, ಬ್ಯಾಟರಿ, ಇನ್ವರ್ಟರ್. ಆಮೇಲೆ ಚಾರ್ಜ್ ಕಂಟ್ರೋಲರ್ ಒಂದು. ಅದು ಮಸ್ಟ್ ಸಾರ್. ಕಂಟ್ರೋಲರ್ ಇಲ್ಲಾಂದ್ರೆ ಬ್ಯಾಟರಿ ಗತಿ ಗೋವಿಂದಾ.”

ಸೆಲ್ಲಾರಿನಲ್ಲಿ ಎಲ್ಲರ ಬೆನ್ನೂ ನೆಟ್ಟಗಾಯಿತು. ಅಧ್ಯಕ್ಷರು ಸೆಕ್ರೆಟರಿ ಗುರುಶಾಂತನ ಕಿವಿಯಲ್ಲಿ ಏನೋ ಹೇಳಿದರು. ಗುರುಶಾಂತ ತಲೆಯಾಡಿಸಿ ಎದ್ದು ನಿಂತ.

“ಕಂಟ್ರೋಲರ್ ಹೊರಗಿಂದ ಬ್ಯಾಡ. ಅದೊಂದು ತಗದ ಹಾಕು. ನಮ್ಮ ಬಿಲ್ಡಿಂಗಿನ್ಯಾಗೇ ಐತಿ ಮಾಲು.”

“ಕಂಡಿಷನ್ ಚೆನ್ನಾಗಿದೆಯಾ ಸಾರ್?”

“ಜರಾ ಹಳೇದು. ಆದರ ನಡೀತೈತಿ.”

“ಎಷ್ಟು ವರ್ಷ ವಾಡಿದ್ದು, ಯೂಸ್ ಮಾಡಿದ್ದು?”

“ಮೂವತ್ತ ವರ್ಷ ಸರ್ವಿಸ್.”

“ಮೂವತ್ತಾ! ಇನ್ನೂ ಸುಟ್ಟು ಹೋಗಿಲ್ವಾ ಸಾರ್?”

“ಗೌರ್ಮೆಂಟ್ ಮಾಲು ಸುಡಂಗಿಲ್ಲ,” ಎಂದ ಗುರುಶಾಂತ. ಗಂಡಸರೆಲ್ಲ ಎದೆ ಉಬ್ಬಿಸಿ ನಕ್ಕರು. ರವಿಕಿರಣ ಅಂಥ ಗಟ್ಟಿ ಮಾಲನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದುಕೊಂಡು, ತನ್ನ ಲೆಕ್ಕದಿಂದ ಕಂಟ್ರೋಲರನ್ನು ಹೊಡೆದು ಹಾಕಿದ.

ಆಮೇಲೆ ಹುದ್ದೆಗೆ ಯಾರು ಎಂಬ ಚರ್ಚೆ. ಅಧಿಕಾರ ಎಲ್ಲರಿಗೂ ಬೇಕಿತ್ತು, ಟೆರೇಸ್ ಹತ್ತುವುದು ಯಾರಿಗೂ ಬೇಡವಾಗಿತ್ತು. ಕಟ್ಟಕಡೆಗೆ ಗುರುಶಾಂತ, “ಮ್ಯಾಲಿನ ಮಾಳಿಗ್ಯಾಗ ಬಂಡೆಪ್ಪಣ್ಣಾರು ಖಾಲಿ ಬಿದ್ದಾರಲ್ಲ,” ಎಂದ. ಖಾಲಿ ಬಿದ್ದ ಸಾಮಾನು ತೋರಿಸಿದ ಹಾಗೆ ಅವನು ಬೆರಳು ಮೇಲೆ ಮಾಡಿದ್ದು ಸುಂದರಾಬಾಯಿಗೆ ಸರಿ ಬರಲಿಲ್ಲ.

ಕಮಿಟಿಯವರು ಸಾಲಾಗಿ ಬಂದು ಬಾಗಿಲಲ್ಲಿ ನಿಂತಾಗ ಬಂಡೆಪ್ಪ ಹೊದ್ದುಕೊಂಡು ಮಲಗಿದ್ದ. “ಬಂಡೆಪ್ಪಣ್ಣಾರ, ನಿಮ್ಮನ್ನ ಚಾರ್ಜ್ ಕಂಟ್ರೋಲರ್ ಮಾಡೇವಿ,” ಎಂದ ಗುರುಶಾಂತ.

ಹೊದಿಕೆ ಸರಿಯಿತು. “ಹಂಗಾಮಿನೋ, ಕಾಯಮ್ಮೋ?”

“ಕಾಯಂ.”

ಅವತ್ತು ಬಂಡೆಪ್ಪ ಗಡ್ಡ ಹೆರೆದ. ಸುಂದರಾಬಾಯಿ ಶ್ಯಾವಿಗೆ ಪಾಯಸ ಮಾಡಿದಳು. ಮರುದಿನವೇ ಅವನು ಮೋತಿನಗರದ ತನಕ ಹೋಗಿ, ತನ್ನ ಹೆಸರಿನ ಕೆಳಗೆ ‘ಚಾರ್ಜ್ ಕಂಟ್ರೋಲರ್’ ಎಂದು ಬರೆಸಿದ ಹಿತ್ತಾಳೆಯ ಫಲಕ ತಂದು ಬಾಗಿಲಿಗೆ ಹೊಡೆದ. ಮೊಳೆ ಹೊಡೆಯುವ ಸದ್ದಿಗೆ ಸುತ್ತಲಿನ ಮನೆಗಳ ಬಾಗಿಲು ತೆರೆದವು. ಅವನು ಬೇಕೆಂದೇ ಇನ್ನೆರಡು ಏಟು ಹೆಚ್ಚು ಹೊಡೆದ.

ಪ್ಯಾನೆಲ್ಲುಗಳು ಬಂದವು. ಟೆರೇಸಿನ ಮೇಲೆ ಲಿಫ್ಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಬ್ಯಾಟರಿಗಳು ಕೂತವು. ರವಿಕಿರಣ ವಯರುಗಳನ್ನೆಲ್ಲ ಎಳೆದು, ಕೈ ಒರೆಸಿಕೊಂಡು, “ಸಾರ್, ಕಂಟ್ರೋಲರ್ ತನ್ನಿ, ಕನೆಕ್ಷನ್ ಕೊಟ್ಟುಬಿಡ್ತೀನಿ,” ಎಂದ.

“ತರೂದೇನು, ನಿನ್ನ ಮುಂದ ನಿಂತಾರಲ್ಲ,” ಎಂದ ಗುರುಶಾಂತ.

ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಹಣೆಗೆ ವಿಭೂತಿ. ಬಂಡೆಪ್ಪ ಕೈ ಮುಗಿದ. ರವಿಕಿರಣ ಅವನ ಹಿಂದೆ ಇಣುಕಿ ನೋಡಿದ, ಅಕ್ಕಪಕ್ಕ ನೋಡಿದ. “ಇವರಿಗೆ ಎಲ್ಲಿ ಕನೆಕ್ಷನ್ ಕೊಡಲಿ ಸಾರ್?”

“ಹುಕುಂ ಕೊಟ್ರ ಸಾಕು. ಕನೆಕ್ಷನ್ ತಾವೇ ಇಟಗೋತಾರ,” ಎಂದು ಗುರುಶಾಂತ ಬಿಸಿಲಿಗೆ ಹೆದರಿ ಕೆಳಗೆ ಇಳಿದ.

“ಸಾರ್,” ರವಿಕಿರಣ ಬಂಡೆಪ್ಪನ ಕಡೆ ತಿರುಗಿದ. “ಕಂಟ್ರೋಲರ್ ಅಂದ್ರೆ ಡಬ್ಬಾ ಸಾರ್!”

ಬಂಡೆಪ್ಪ ಹೊಟ್ಟೆ ಹಿಡಿದು ನಕ್ಕ. “ನಮ್ಮ ಆಫೀಸಿನ್ಯಾಗೂ ಹಿಂದಿನಿಂದ ಹಂಗ ಅಂತಿದ್ವಿ. ಮುಖದ ಮುಂದ ಅನ್ನಾಕ ಎದಿ ಬೇಕಪಾ. ಭಾಳ ಶಾಣ್ಯಾ ಇದ್ದಿ ನೀ!”

ಚಹಾ ತಂದ ಸುಂದರಾಬಾಯಿ ಇದನ್ನೆಲ್ಲ ಕೇಳಿಸಿಕೊಂಡು ಮೆಟ್ಟಿಲ ಬಳಿ ನಿಂತಿದ್ದಳು. ಗಂಡ ನಗುವುದನ್ನು ನೋಡಿ ಎಷ್ಟು ಕಾಲವಾಗಿತ್ತೋ. ರವಿಕಿರಣ ಬಂದು ಕಪ್ಪು ತೆಗೆದುಕೊಂಡಾಗ ದನಿ ತಗ್ಗಿಸಿ ಕೇಳಿದಳು. “ಖರೇ ಹೇಳಪಾ, ಏನದು?”

“ಅಮ್ಮಾ, ಅದು ಮನುಷ್ಯ ಅಲ್ಲ. ಇಷ್ಟೇ ಇಷ್ಟು ಡಬ್ಬಿ.” ಅವನು ಕೈಯಲ್ಲಿ ಒಂದು ಇಟ್ಟಿಗೆಯ ಅಳತೆ ತೋರಿಸಿದ. “ಬಿಸಿಲು ಜಾಸ್ತಿ ಆದ್ರೆ ಪ್ಯಾನೆಲ್‌ನಿಂದ ಕರೆಂಟು ಬರ್ತಾನೇ ಇರುತ್ತೆ. ಬ್ಯಾಟರಿ ತುಂಬಿದ ಮೇಲೂ ಬರುತ್ತೆ. ಆಗ ಬ್ಯಾಟರಿ ಕುದೀತದೆ. ಈ ಡಬ್ಬಿ ನೋಡ್ತಾ ಇದ್ದು, ಸಾಕು ಅಂದಾಗ ನಿಲ್ಲಿಸುತ್ತೆ. ರಾತ್ರಿ ಬ್ಯಾಟರಿ ಕರೆಂಟು ತಿರುಗಿ ಪ್ಯಾನೆಲ್‌ಗೆ ಹೋಗದ ಹಾಗೂ ನೋಡಿಕೊಳ್ಳುತ್ತೆ.”

ಸುಂದರಾಬಾಯಿ ಟೆರೇಸಿನ ಕಡೆ ನೋಡಿದಳು. ಬಂಡೆಪ್ಪ ಒಂದೊಂದೇ ಬ್ಯಾಟರಿಯ ತಲೆ ಮುಟ್ಟಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸುತ್ತು ಹಾಕುತ್ತಿದ್ದ.

“ಆ ಡಬ್ಬಿ ಮಾಡೋ ಕೆಲಸ ಮನಷ್ಯಾ ಮಾಡಾಕ ಬರಂಗಿಲ್ಲೇನು?”

ರವಿಕಿರಣ ತಲೆ ಕೆರೆದುಕೊಂಡ. “ಬರುತ್ತೆ. ಒಂದು ಮುಳ್ಳಿನ ಮೀಟರು, ಒಂದು ಹಿಡಿಕೆ ಸ್ವಿಚ್ಚು ಹಾಕಿ ಕೊಟ್ರೆ. ಆದ್ರೆ ದಿನವೆಲ್ಲ ಅದನ್ನ ನೋಡ್ತಾ ಯಾರಮ್ಮಾ ಕೂರ್ತಾರೆ?”

“ಅವರು ಕೂಡತಾರ. ನೀ ಹಾಕಿ ಕೊಡು,” ಎಂದಳು ಸುಂದರಾಬಾಯಿ.

ಹೀಗೆ ಮೀಟರೂ ಸ್ವಿಚ್ಚೂ ಬಂದವು. ಮೀಟರಿನ ಮೇಲೆ ರವಿಕಿರಣ ಕೆಂಪು ಬಣ್ಣದ ಒಂದು ಗೆರೆ ಎಳೆದ. ಮುಳ್ಳು ಕೆಂಪಿಗೆ ಬಂದರೆ ಹಿಡಿಕೆ ಕೆಳಗೆ, ಇಳಿದರೆ ಮತ್ತೆ ಮೇಲೆ, ಹೊತ್ತು ಮುಳುಗಿದರೆ ಕೆಳಗೆ. ಬಂಡೆಪ್ಪನಿಗೆ ಇದು ಒಂದೇ ಸಲಕ್ಕೆ ತಿಳಿಯಿತು. “ಸ್ಟೋರ್ಸಿನ್ಯಾಗೂ ಇದ ನೋಡು ಸುಂದ್ರಾ. ಜಾಗಾಕ್ಕಿಂತ ಹೆಚ್ಚಿಗಿ ಮಾಲು ಒಳಗ ಬರಬಾರದು, ರಾತ್ರಿ ಹಿಂದಿನ ಗೇಟಿನಿಂದ ಹೊರಗ ಹೋಗಬಾರದು. ಉಳಿದದ್ದೆಲ್ಲಾ ಬರೇ ಸಹಿ.”

ಬಂಡೆಪ್ಪನ ಆಳ್ವಿಕೆ ಶುರುವಾಯಿತು. ಬ್ಯಾಟರಿ ಕೋಣೆಯ ಬಾಗಿಲಲ್ಲಿ ಕಬ್ಬಿಣದ ಕುರ್ಚಿ, ಮೇಲೊಂದು ಹಳೆಯ ಕೊಡೆ. ಮೋಡ ಅಡ್ಡ ಬಂದರೆ ಹೇಳದೆ ಕೇಳದೆ ರಜೆ ಹಾಕಿದ ಜವಾನನನ್ನು ನೋಡಿದ ಹಾಗೆ ನೋಡುತ್ತಿದ್ದ. ಪಾರಿವಾಳಗಳು ಪ್ಯಾನೆಲ್ಲಿನ ಮೇಲೆ ಕೂತರೆ ಎದ್ದು ನಿಂತು ವಿವರಣೆ ಕೇಳುತ್ತಿದ್ದ. ಎದುರು ಕಟ್ಟಡದ ಟೆರೇಸಿನ ಮೇಲೂ ಪ್ಯಾನೆಲ್ಲುಗಳಿದ್ದವು. ಅಲ್ಲಿ ಮಾತ್ರ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ.

“ಎಂಥಾ ಕಾಳಜಿ ಇಲ್ಲದ ಮಂದಿ ನೋಡು,” ಎಂದು ಊಟಕ್ಕೆ ಬಂದಾಗ ಹೆಂಡತಿಯ ಮುಂದೆ ಹೇಳುತ್ತಿದ್ದ. “ಅವರ ಕಂಟ್ರೋಲರ್ ಒಂದಿನಾನೂ ಡ್ಯೂಟಿಗೆ ಬಂದಿಲ್ಲ. ಪಗಾರ ಮಾತ್ರ ಎಣಿಸಿಕೋತಿರಬೇಕು.”

ಸುಂದರಾಬಾಯಿ ರೊಟ್ಟಿ ಬಡಿಯುವ ಸದ್ದು ಜೋರು ಮಾಡಿಕೊಳ್ಳುತ್ತಿದ್ದಳು.

ಜಗಳವೂ ಆಯಿತು. ಗದಿಗೆಮ್ಮ ಪ್ಯಾನೆಲ್ಲಿನ ಪಕ್ಕ ಸೀರೆ ಹಾಸಿ ಸಂಡಿಗೆ ಇಟ್ಟಳು. ಬಂಡೆಪ್ಪ ಬಂದು, ಈ ಬಿಸಿಲು ಅಸೋಸಿಯೇಷನ್ನಿನ ಸ್ವತ್ತು, ಖಾಸಗಿ ಕೆಲಸಕ್ಕೆ ಬಳಸುವಂತಿಲ್ಲ ಎಂದ.

“ಯವ್ವಾ! ಸೂರ್ಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಂಡೀರೇನು?” ಗದಿಗೆಮ್ಮ ಸೊಂಟಕ್ಕೆ ಕೈ ಇಟ್ಟಳು. “ನಾಳೆ ಗಾಳಿಗೊಬ್ಬ ಕಂಟ್ರೋಲರ್ ಬಂದ್ರ ಉಸರು ಬಿಡಾಕೂ ನಿಮ್ಮ ಸಹಿ ಬೇಕಾದೀತು! ಸುಂದರಾಬಾಯಿ, ನಿಮ್ಮ ಮನಿಯವರು ದಿವಾನದ ಮ್ಯಾಲಿದ್ದಾಗ ಚೊಲೋ ಇದ್ರು ನೋಡ್ರಿ.”

“ನಿಮಗ ಚೊಲೋ ಇದ್ರು ಅಕ್ಕಾರ, ನನಗಲ್ಲ,” ಎಂದಳು ಸುಂದರಾಬಾಯಿ. ಸಂಡಿಗೆ ನೀರಿನ ಟ್ಯಾಂಕಿನ ಆಚೆ ಬದಿಗೆ ಹೋದವು.

ಕರೆಂಟು ಹೋದಾಗಲೆಲ್ಲ ಮೆಟ್ಟಿಲ ದೀಪ ಹತ್ತಿಕೊಳ್ಳುತ್ತಿತ್ತು. ಕಟ್ಟಡಕ್ಕೆ ಯಾರೇ ಬಂದರೂ ಗುರುಶಾಂತ ಆ ದೀಪದ ಕೆಳಗೇ ನಿಲ್ಲಿಸಿ, “ನಮ್ಮ ಕಮಿಟಿ ದೂರದೃಷ್ಟಿ,” ಎನ್ನುತ್ತಿದ್ದ.

ಹೋಳಿ ಹುಣ್ಣಿಮೆ ಕಳೆದದ್ದೇ ತಡ, ಹೈದರಾಬಾದಿನ ಬಿಸಿಲು ತನ್ನ ನಿಜವಾದ ಬಣ್ಣ ತೋರಿಸಿತು. ಟೆರೇಸಿನ ನೆಲದ ಮೇಲೆ ಹೆಜ್ಜೆ ಇಟ್ಟರೆ ಹಂಚಿನ ಮೇಲೆ ಇಟ್ಟಂತೆ. ಬಿಸಿಲು ಹೆಚ್ಚಿದಷ್ಟೂ ಮುಳ್ಳು ಬೇಗ ಬೇಗ ಕೆಂಪಿಗೆ ಓಡುತ್ತಿತ್ತು. ಬಂಡೆಪ್ಪ ಊಟಕ್ಕೆ ಇಳಿಯುವುದನ್ನೂ ಬಿಟ್ಟ. ಸುಂದರಾಬಾಯಿ ಬುತ್ತಿ ಕಟ್ಟಿಕೊಂಡು, ಮಜ್ಜಿಗೆ ತೆಗೆದುಕೊಂಡು ಮೇಲೆ ಹೋಗುತ್ತಿದ್ದಳು. ಅವನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಕಣ್ಣು ಮಾತ್ರ ಹೊಳೆಯುತ್ತಿದ್ದವು. ಅವಳು ಆ ಕಣ್ಣು ನೋಡಿ ಏನೂ ಹೇಳದೆ ಇಳಿದು ಬರುತ್ತಿದ್ದಳು. ಹೇಳಿದರೆ ಈ ಮನುಷ್ಯ ಮತ್ತೆ ದಿವಾನಕ್ಕೆ, ಹೇಳದಿದ್ದರೆ ಆಸ್ಪತ್ರೆಗೆ.

ಗುರುಶಾಂತನ ಮನೆಗೇ ಹೋಗಿ ಕೇಳಿದಳು. “ಅಂಗಡ್ಯಾಗ ಒಂದು ಡಬ್ಬಿ ಸಿಗತೈತಂತ. ತಾನೇ ನೋಡಿಕೋತೈತಂತ. ಅದೊಂದು ತರಿಸ್ರಿ.”

ಗುರುಶಾಂತ ಎ.ಸಿ. ಗಾಳಿಗೆ ಕಾಲು ಚಾಚಿ ಕೂತಿದ್ದ. “ಅದರ ಹೆಸರೇನ್ರಿ ವೈನಿ?”

“ಅದಕ್ಕೂ ಚಾರ್ಜ್ ಕಂಟ್ರೋಲರ್ ಅಂತಾರಂತ.”

“ನೋಡ್ರಿ ಮತ್ತ! ಒಂದು ಪೋಸ್ಟಿಗೆ ಇಬ್ಬರು ಹೆಂಗ ಆಕ್ಕಾರ? ಆಡಿಟ್ ಆಬ್ಜೆಕ್ಷನ್ ಬರತೈತಿ. ಡಬ್ಬಿ ತರಬೇಕಂದ್ರ ಬಂಡೆಪ್ಪಣ್ಣಾರನ್ನ ತಗೀಬೇಕು. ತಗೀಲೇನು?”

ಸುಂದರಾಬಾಯಿ ಎದ್ದು ಬಂದಳು.

ನಾಲ್ಕು ದಿನಕ್ಕೆ ಬಂಡೆಪ್ಪ ಕುರ್ಚಿಯಿಂದ ಏಳಲು ಹೋಗಿ ಕುಸಿದು ಕೂತ. ಕಣ್ಣು ಕತ್ತಲೆ, ಮೈಯೆಲ್ಲ ಬೆಂಕಿ. ಡಾಕ್ಟರು ಬಂದು ನೋಡಿ, ಬಿಸಿಲಿನ ಹೊಡೆತ, ಈ ವಯಸ್ಸಿನಲ್ಲಿ ಇನ್ನೊಂದು ಸಲ ಹೀಗಾದರೆ ಎದ್ದು ಕೂರುವ ಭರವಸೆ ಕೊಡಲಾರೆ ಎಂದರು. ಬಂಡೆಪ್ಪ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡೇ ಗುರುಶಾಂತನನ್ನು ಕರೆಸಿದ. ಚಾರ್ಜ್ ಕೊಡದೆ ಮಲಗುವುದು ಅವನ ಜಾಯಮಾನದಲ್ಲಿರಲಿಲ್ಲ.

“ಕೆಂಪಿಗೆ ಬಂದ್ರ ಹಿಡಿಕಿ ಕೆಳಗ. ಮರೀಬ್ಯಾಡ್ರಿ.”

“ಅಣ್ಣಾರ, ಇಡೀ ಸೆಕ್ಷನ್ ನಡೆಸಿದಾವ ನಾ,” ಎಂದ ಗುರುಶಾಂತ ಬ್ಯಾಟರಿ ಕೋಣೆಗೆ ಬೀಗ ಜಡಿದು, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗೆ ಹೋದ. ಹೆಡ್‌ಕ್ವಾರ್ಟರ್ಸಿನಿಂದಲೇ ಕಂಟ್ರೋಲ್ ಮಾಡುವುದಾಗಿ ಅಧ್ಯಕ್ಷರಿಗೆ ತಿಳಿಸಿದ. ಹಿಡಿಕೆ ಮೇಲೆಯೇ ಇತ್ತು.

ಮರುದಿನ ಮಧ್ಯಾಹ್ನ ಕಟ್ಟಡದಲ್ಲಿ ಒಂದು ವಾಸನೆ ಎದ್ದಿತು.

ಮೊದಲು ಗೊತ್ತಾದದ್ದು ಗದಿಗೆಮ್ಮನಿಗೆ. ಕಾರಿಡಾರಿಗೆ ಬಂದು, ಮೂಗು ಅರಳಿಸಿ, ಎದೆ ಬಡಿದುಕೊಂಡಳು. “ತತ್ತಿ! ಯಾರೋ ತತ್ತಿ ಬೇಯಿಸಾಕತ್ತಾರ! ಅದೂ ಕೊಳತ ತತ್ತಿ!”

ಬೆಳ್ಳುಳ್ಳಿಗೂ ಶ್ರಾವಣದಲ್ಲಿ ಪ್ರವೇಶವಿಲ್ಲದ ಕಟ್ಟಡ ಅದು. ಕ್ಷಣದಲ್ಲಿ ಕಮಿಟಿ ಕೂಡಿತು. ಅಧ್ಯಕ್ಷರ ಮುಂದಾಳತ್ವದಲ್ಲಿ, ಗದಿಗೆಮ್ಮನ ಮೂಗಿನ ನೆರವಿನಿಂದ, ಗುರುಶಾಂತ ಮನೆ ಮನೆಗೆ ನುಗ್ಗಿ ಒಲೆಯ ಮೇಲಿನ ಪಾತ್ರೆಗಳ ಮುಚ್ಚಳ ತೆಗೆಸತೊಡಗಿದ. ಒಬ್ಬರ ಮನೆಯಲ್ಲಿ ಮೂಲಂಗಿ ಸಾರು ಸಿಕ್ಕಿತು. ಅದನ್ನು ಸಂಶಯದ ಮೇಲೆ ಒಲೆಯಿಂದ ಇಳಿಸಲಾಯಿತು.

ದಿವಾನದ ಮೇಲಿದ್ದ ಬಂಡೆಪ್ಪ ಕಣ್ಣು ತೆರೆದ. ಗಾಳಿ ಮೂಸಿದ. “ಸುಂದ್ರಾ, ನನ್ನ ಬ್ಯಾಟರಿ ಕುದಿಯಾಕತ್ತಾವ.” ಹೊದಿಕೆ ಒಗೆದು ಕಾಲು ಕೆಳಗಿಟ್ಟ.

“ನೀವು ಏಳಬ್ಯಾಡ್ರಿ. ನನ್ನ ಆಣಿ ಐತಿ. ನಾ ಹೊಕ್ಕೀನಿ.” ಅವನ ಹೆಗಲು ಒತ್ತಿ ಕೂರಿಸಿ, ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಇಳಿದಳು.

ಗುರುಶಾಂತ ಎರಡನೇ ಮಾಳಿಗೆಯಲ್ಲಿ ಯಾರದೋ ಕುಕ್ಕರಿನ ಮುಂದೆ ಕಾವಲು ನಿಂತಿದ್ದ. ಸೀಟಿ ಆಗಲಿ ಎಂದು ಎಲ್ಲರೂ ಉಸಿರು ಬಿಗಿ ಹಿಡಿದಿದ್ದರು.

“ಕೀಲಿಕೈ ಕೊಡ್ರಿ. ವಾಸನಿ ಮ್ಯಾಲಿನಿಂದ ಬರಾಕತ್ತೈತಿ.”

“ತಡೀರಿ ವೈನಿ. ತತ್ತಿ ಸಿಗೂ ತನಕ ಯಾರೂ ಮ್ಯಾಲೆ ಕೆಳಗ ಓಡಾಡಂಗಿಲ್ಲ.”

ಸುಂದರಾಬಾಯಿ ಆವತ್ತಿನವರೆಗೆ ಪರಗಂಡಸಿನ ಮುಂದೆ ದನಿ ಏರಿಸಿದವಳಲ್ಲ. ಈಗಲೂ ಏರಿಸಲಿಲ್ಲ. ಕೈ ಚಾಚಿ ಅವನ ಸೊಂಟದಿಂದ ಕೀಲಿಕೈ ಕಿತ್ತುಕೊಂಡು ನಡೆದಳು. ಹಿಂದೆ ಕುಕ್ಕರು ಸೀಟಿ ಹೊಡೆಯಿತು. ಯಾರೂ ಅಲುಗಲಿಲ್ಲ.

ಬಾಗಿಲು ತೆರೆದಾಗ ಒಳಗಿನಿಂದ ಬಿಸಿ ಹೊಗೆ ಮುಖಕ್ಕೆ ಹೊಡೆಯಿತು. ಬ್ಯಾಟರಿಗಳು ಹೊಟ್ಟೆ ಉಬ್ಬಿಸಿಕೊಂಡು ಬುಸುಗುಡುತ್ತಿದ್ದವು. ಮುಳ್ಳು ಕೆಂಪು ದಾಟಿ, ಮುಂದೆ ಜಾಗವಿಲ್ಲದೆ ನಡುಗುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಡಿಕೆಯನ್ನು ಕೆಳಗೆ ಎಳೆದಳು. ಸ್ವಲ್ಪ ಹೊತ್ತಿಗೆ ಬುಸುಗುಡುವುದು ಇಳಿಯಿತು.

ತಿರುಗಿ ನೋಡಿದರೆ ಬಂಡೆಪ್ಪ ಮೆಟ್ಟಿಲ ತುದಿಯ ನೆರಳಲ್ಲಿ ಗೋಡೆಗೆ ಒರಗಿ ನಿಂತಿದ್ದ. ಆಣೆಗೂ ಬಗ್ಗದೆ ಹತ್ತಿ ಬಂದಿದ್ದ.

“ನಾಳೆಯಿಂದ ನಾನ ಕೂಡತೀನಿ,” ಎಂದ. “ಇಂಥವರ ಕೈಯಾಗ ಚಾರ್ಜ್ ಕೊಡಬಾರದಿತ್ತು.”

ಆಗ ಸುಂದರಾಬಾಯಿಯ ತಾಳ್ಮೆ ಮುಗಿಯಿತೋ, ಧೈರ್ಯ ಬಂದಿತೋ. ಎದುರು ಕಟ್ಟಡದ ಕಡೆ ಬೆರಳು ಮಾಡಿದಳು. “ಅಲ್ಲಿ ನೋಡ್ರಿ.”

“ಏನು ನೋಡೂದು? ಅವರ ಕಂಟ್ರೋಲರ್ ಇವತ್ತೂ ಬಂದಿಲ್ಲ.”

“ಬಂದೈತ್ರಿ. ದಿನಾ ಬಂದಿರತೈತಿ. ಗ್ವಾಡಿಗೆ ಒಂದು ಡಬ್ಬಿ ಐತಲ್ರಿ, ಹಸರ ದೀಪ ಮಿಣಕ್ ಮಿಣಕ್ ಅನ್ನಾಕತ್ತೈತಲ್ಲ... ಅದ ಅವರ ಕಂಟ್ರೋಲರ್.”

ಬಂಡೆಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ. ದೂರದಲ್ಲಿ ಮೆಟ್ರೊ ಒಂದು ಹೋಯಿತು, ಇನ್ನೊಂದು ಬಂತು.

“ನಿನಗ ಗೊತ್ತಿತ್ತು.”

“ಗೊತ್ತಿತ್ರಿ. ರವಿಕಿರಣ ಹೇಳಿದ್ದ.”

“ಹಂಗಾದ್ರ ಎಲ್ಲಾರೂ ನಕ್ಕಿರಬೇಕು ನನಗ.”

“ಯಾರಿಗೂ ತಿಳಿದಿಲ್ರಿ. ಇಡೀ ಕಮಿಟಿಗೆ ಇನ್ನೂ ನೀವ ಕಂಟ್ರೋಲರು. ಕೆಳಗ ತತ್ತಿ ಹುಡುಕಾಕತ್ತಾರ.”

ಅವನು ನಗಲಿಲ್ಲ. “ಆ ಡಬ್ಬಿ ಊಟಕ್ಕ ಏಳಂಗಿಲ್ಲೇನು?”

“ಇಲ್ಲಂತ್ರಿ.”

“ಮೋಡ ಬಂದ್ರ?”

“ಅದಕ್ಕೂ ಗೊತ್ತಾಗತೈತಂತ.”

ಬಂಡೆಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. ಸುಂದರಾಬಾಯಿ ಪಕ್ಕದಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿದಳು. ಹೇಳಬಾರದಿತ್ತೇನೋ ಎಂದು ಅನ್ನಿಸಿತು.

ಎರಡು ದಿನ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವಳು ಕರೆಸಿದ ರವಿಕಿರಣ ಬಂದು ಬ್ಯಾಟರಿಗಳನ್ನು ನೋಡಿಕೊಂಡು ಮನೆಗೆ ಇಳಿದು ಬಂದಾಗ ಮುಖದ ತುಂಬ ಆಶ್ಚರ್ಯ. “ಒಂದು ಹೋಗಿದೆ, ಉಳಿದವು ನಡೀತವೆ ಅಮ್ಮಾ. ಡಬ್ಬಿ ಇಲ್ಲದೆ ಇಷ್ಟು ತಿಂಗಳು ಹೇಗೆ ಉಳಿದವು ಅನ್ನೋದೇ ನನಗೆ ಅರ್ಥ ಆಗ್ತಿಲ್ಲ. ಇದು ಹಾಳಾಗಿದ್ದು ಒಂದೇ ದಿನಕ್ಕೆ.”

ಗೋಡೆಯ ಕಡೆಯಿಂದ ದನಿ ಬಂತು. “ಆ ದಿನ ನಾ ರಜಾ ಇದ್ದೆ.”

ಹಿಂದೆಯೇ ಇನ್ನೊಂದು ಮಾತು ಬಂತು. “ಡಬ್ಬಿ ಎಲ್ಲಿ ಸಿಗತೈತಪಾ?”

ಮೈ ಹಗುರಾದ ಮೇಲೆ ಗಂಡ ಹೆಂಡತಿ ಇಬ್ಬರೂ ಅಬಿಡ್ಸಿಗೆ ಹೋದರು. ಅಂಗಡಿಯವನು, “ಕಿತ್ನೇ ಆಂಪಿಯರ್ ಕಾ, ಚಾಚಾ?” ಎಂದು ಅಳತೆ ಕೇಳಿ, ಉತ್ತರ ಬರುವಷ್ಟರಲ್ಲಿ ಬೇರೆ ಗಿರಾಕಿಯ ಕಡೆ ತಿರುಗಿದ್ದ. ಬಂಡೆಪ್ಪ ಡಬ್ಬಿಯನ್ನು ತಿರುಗಿಸಿ ಮುರುಗಿಸಿ, ಸ್ಕ್ರೂ ಎಣಿಸಿ, ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿದ. ನಾಂಪಲ್ಲಿಯಲ್ಲಿ ಮೆಟ್ರೊ ಹತ್ತಿದಾಗ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ, ಕೂಸಿಗೆ ಹಿಡಿದ ಹಾಗೆ ಒಂದು ಕೈ ಬೆನ್ನಿಗೆ. “ಇದರ ಸೈಜು ನೋಡಿದ್ರ ನಮ್ಮ ಕಂಟ್ರೋಲರ್ ಸಾಹೇಬ್ರಿಗೆ ಅಷ್ಟು ದೊಡ್ಡ ಕೋಣಿ ಯಾಕ ಬೇಕಿತ್ತೋ,” ಎಂದ. ಸುಂದರಾಬಾಯಿ ಕಿಟಕಿಯ ಕಡೆ ತಿರುಗಿ ನಕ್ಕಳು.

ರವಿಕಿರಣ ಅದನ್ನು ಗೋಡೆಗೆ ಕೂರಿಸುವಾಗ ಬಂಡೆಪ್ಪ ಪಕ್ಕದಲ್ಲೇ ನಿಂತು, ಹೇಳುವುದು ರವಿಕಿರಣನಿಗೋ ಡಬ್ಬಿಗೋ ಗೊತ್ತಾಗದ ಹಾಗೆ, “ಎಡಗಡಿ ಮೂಲ್ಯಾಗಿನ ಬ್ಯಾಟರಿ ಜರಾ ಅಶಕ್ತ ಐತಿ. ಸಾವಕಾಶ,” ಎಂದ. ಹಸಿರು ದೀಪ ಹತ್ತಿತು. ಅವನು ಕುರ್ಚಿ ಮಡಚಿದ.

ಆದರೆ ಕಮಿಟಿಗೆ ದೊಡ್ಡ ಸಂಕಟ ಬಂತು. ಡಬ್ಬಿ ಬಂದಿದೆ, ಹುದ್ದೆ ಹಾಗೇ ಇದೆ. ಮತ್ತೆ ಸೆಲ್ಲಾರಿನಲ್ಲಿ ಮೀಟಿಂಗು ಕರೆದರು. ಮೊದಲಿಗೆ ಗುರುಶಾಂತ ತತ್ತಿ ತನಿಖೆಯ ವರದಿ ಕೊಟ್ಟ. ಆರೋಪಿ ಸಿಗಲಿಲ್ಲ, ಆದರೆ ತನಿಖೆಯ ಭಯಕ್ಕೆ ವಾಸನೆ ತಾನಾಗಿಯೇ ನಿಂತಿತು ಎಂದು ತಿಳಿಸಿದ. ಚಪ್ಪಾಳೆ ಬಿದ್ದವು.

ಆಮೇಲೆ ಸೂರ್ಯನಾರಾಯಣರು ಎದ್ದರು. “ಡಬ್ಬಿ ಅಂದಮ್ಯಾಲೆ ಅದಕ್ಕೊಬ್ಬ ಮ್ಯಾಲಿನ ಅಧಿಕಾರಿ ಬೇಕಾಗತೈತಿ. ಡಬ್ಬಿ ತಾನೇ ತೀರ್ಮಾನ ತಗೊಂಡ್ರ ನಾಳೆ ನಾವು ಯಾರು? ಅದಕ್ಕ ಬಂಡೆಪ್ಪಣ್ಣಾರಿಗೆ ಪ್ರಮೋಷನ್ ಕೊಟ್ಟು ಚೀಫ್ ಚಾರ್ಜ್ ಕಂಟ್ರೋಲರ್ ಮಾಡಬೇಕಂತ ಕಮಿಟಿ ಠರಾವು. ಕಾಯಂ!”

ಎಲ್ಲರೂ ಗಂಡಸರ ಸಾಲಿನ ಕೊನೆಗೆ ಕೂತಿದ್ದ ಬಂಡೆಪ್ಪನ ಕಡೆ ತಿರುಗಿದರು. ಸುಂದರಾಬಾಯಿಯೂ ತಿರುಗಿದಳು. ಚೀಫ್ ಎಂಬ ಮಾತು ಅವನ ಕಿವಿಗೆ ಹೇಗೆ ಬೀಳುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಒಪ್ಪಿದರೆ ಬಿಸಿಲಲ್ಲಿ ಡಬ್ಬಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುವವನೇ.

ಬಂಡೆಪ್ಪ ನಿಧಾನವಾಗಿ ಎದ್ದ. “ಭಾಳ ಉಪಕಾರ ಆತ್ರಿ. ಆದರ ನನಗ ಬ್ಯಾಡ.”

ಹುದ್ದೆ ಬೇಡ ಎಂದವನನ್ನು ಆ ಕಟ್ಟಡ ಇದುವರೆಗೆ ಕಂಡಿರಲಿಲ್ಲ.

“ಕೆಲಸ ಇದ್ದಾಗ ನಾ ಮಾಡಿದೆ,” ಎಂದ ಅವನು. “ಈಗ ಕೆಲಸ ಡಬ್ಬಿ ಮಾಡತೈತಿ. ಉಳಿದದ್ದು ಬರೇ ಹುದ್ದೆ. ಅದಕ್ಕ ಸೆಕ್ರೆಟರಿ ಸಾಹೇಬ್ರಷ್ಟು ಯೋಗ್ಯರು ಇಡೀ ಕೂಕಟ್‌ಪಲ್ಲ್ಯಾಗ ಸಿಗಂಗಿಲ್ಲ.”

ಗದಿಗೆಮ್ಮ ಸೆರಗಿನೊಳಗೆ ಕೆಮ್ಮಿದಳು. ಗುರುಶಾಂತ ಮಾತ್ರ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು, ಬೇಡ ಬೇಡ ಎನ್ನುತ್ತಲೇ ಎದ್ದು ನಿಂತ. ಸರ್ವಾನುಮತದಿಂದ ಆಯ್ಕೆಯಾಯಿತು. ಬಂಡೆಪ್ಪ ಗಂಡಸರ ಸಾಲು ದಾಟಿ ಬಂದು, ಹೆಂಗಸರು ಹುಬ್ಬೇರಿಸಿದ್ದನ್ನು ಲೆಕ್ಕಿಸದೆ, ಹೆಂಡತಿಯ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ. “ಸಂಜಿಗೆ ಮೆಹದಿಪಟ್ಟಣಂಗೆ ಹೋಗಿ ಬರೂಣೇನು? ನಿನ್ನ ತಂಗಿ ಭಾಳ ದಿನದಿಂದ ಕರಿಯಾಕತ್ತಾಳ,” ಎಂದ ಮೆಲ್ಲಗೆ. ತಂಗಿಯ ಮನೆಯ ಹೆಸರು ಅವನ ಬಾಯಿಂದ ಬಂದದ್ದು ಕೇಳಿ ಸುಂದರಾಬಾಯಿ ಅವನ ಕಡೆಗೆ ತಿರುಗಿದಳು. ಹೂಂ ಎಂದಳು.

ಗುರುಶಾಂತ ಹಾರಕ್ಕೆ ಕತ್ತು ಬಗ್ಗಿಸಿದ ಹೊತ್ತಿಗೇ ಕರೆಂಟು ಹೋಯಿತು. ಸೆಲ್ಲಾರು ಕಪ್ಪಾಯಿತು. ಯಾರೋ “ಅಯ್ಯೋ” ಎಂದರು. ಅಷ್ಟರಲ್ಲೇ ದೀಪಗಳು ತಾವಾಗಿಯೇ ಹತ್ತಿಕೊಂಡವು, ಫ್ಯಾನು ತಿರುಗಿತು.

ಇಡೀ ಸೆಲ್ಲಾರು ಚಪ್ಪಾಳೆಯಿಂದ ನಡುಗಿತು. ಅಧ್ಯಕ್ಷರು ಗುರುಶಾಂತನ ಕೈ ಕುಲುಕಿದರು. ಹೊಸ ಚೀಫ್ ಚಾರ್ಜ್ ಕಂಟ್ರೋಲರು ಹಾರ ಸರಿಪಡಿಸಿಕೊಂಡು, ನಾಲ್ಕೂ ದಿಕ್ಕಿಗೆ ಕೈ ಮುಗಿದು, ಇದೆಲ್ಲ ನಿಮ್ಮ ಆಶೀರ್ವಾದ ಎಂದ.

ಬಂಡೆಪ್ಪ ಹೆಂಡತಿಯ ಕಿವಿಗೆ ಬಾಗಿದ. “ದೀಪ ಹಚ್ಚೂದು ಇನ್ವರ್ಟರ್ ಕೆಲಸ. ಕಂಟ್ರೋಲರ್‌ದ ಅಲ್ಲ.”

“ಸುಮ್ಮನ ಚಪ್ಪಾಳಿ ಹೊಡೀರಿ,” ಎಂದಳು ಸುಂದರಾಬಾಯಿ.

ಅವನು ಹೊಡೆದ.